ರಜೆಯ ದಿನ, ಮಗುವಿನ ಕೈ

(ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸಗಳಿಗೆ ಸಾಮಾನ್ಯವಾಗಿ ವಚನ ಸಾಹಿತ್ಯ, ಪಾಳೆಯಗಾರರ ಇತಿಹಾಸ, ಜನಪದ ಕಾವ್ಯ ಇಂಥ ವಿಷಯಗಳನ್ನು ಆರಿಸುತ್ತಾರೆ. ಈ ಸಲ ಸಂಘಟಕರು ಮೂರರಿಂದ ಎಂಟು ವರ್ಷದ ಮಕ್ಕಳ ರಜೆಯ ಬಗ್ಗೆ ಮಾತನಾಡಿ ಎಂದು ಕೇಳಿದರು. ಸಣ್ಣ ಮಕ್ಕಳ ವಿಷಯವನ್ನು ದೊಡ್ಡವರ ಸಭೆಯಲ್ಲಿ ಇಷ್ಟು ಗೌರವದಿಂದ ಇಟ್ಟಿರುವುದಕ್ಕೆ ಅವರಿಗೆ ನನ್ನ ಕೃತಜ್ಞತೆ.

ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯ ವಾರದವರೆಗೆ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ. ಮನೆಯಲ್ಲಿ ಮಕ್ಕಳಿರುತ್ತಾರೆ, ದೊಡ್ಡವರಿಗೆ ತೋಟದ ಕೆಲಸ, ಕೂಲಿ, ಮದುವೆ ಮುಂಜಿ. ಮಗು ಸುಮ್ಮನಿದ್ದರೆ ಸಾಕು ಎಂದು ಕೈಗೆ ಮೊಬೈಲ್ ಕೊಡುತ್ತೇವೆ. ಸ್ವಲ್ಪ ಅನುಕೂಲ ಇರುವವರು ಪೇಟೆಯಿಂದ ಆಟದ ಸಾಮಾನು ತರಿಸುತ್ತಾರೆ, ಇಲ್ಲವೇ ಪಟ್ಟಣದ ಬೇಸಿಗೆ ಶಿಬಿರಕ್ಕೆ ಹಣ ಕಟ್ಟುತ್ತಾರೆ. ಇವು ಯಾವುದೂ ಇಲ್ಲದೆ, ನಮ್ಮ ಅಂಗಳದಲ್ಲೇ, ನಮ್ಮ ನೆಲದ ಸಾಮಗ್ರಿಯಿಂದಲೇ ಮಕ್ಕಳ ರಜೆಯನ್ನು ತುಂಬಬಹುದು ಎಂಬುದು ನನ್ನ ಮೊದಲ ಮಾತು. ಅದಕ್ಕಿಂತ ಮುಖ್ಯವಾದ ಎರಡನೆಯ ಮಾತು ಇದು: ಮಾಡಿದ ವಸ್ತು ಚೆನ್ನಾಗಿ ಕಾಣಬೇಕೆಂಬ ಆತುರವನ್ನು ದೊಡ್ಡವರು ಬಿಟ್ಟು, ಮಾಡುವ ಕೆಲಸವನ್ನು ಪೂರ್ತಿಯಾಗಿ ಮಗುವಿನ ಕೈಗೆ ಒಪ್ಪಿಸಬೇಕು. ಇಂದಿನ ಉಪನ್ಯಾಸದ ಹುರುಳೆಲ್ಲ ಇದೇ.

ಇದನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಸಣ್ಣ ಮಕ್ಕಳಿಗೆ ಕೈಕೆಲಸ ಏಕೆ ಬೇಕು ಎಂಬುದು ಮೊದಲನೆಯದು. ಈ ಸೀಮೆಯಲ್ಲಿ ಸಿಗುವ ಸಾಮಗ್ರಿ ಮತ್ತು ಅದರಿಂದ ಮಾಡಬಹುದಾದ ವಸ್ತುಗಳು ಎರಡನೆಯದು. ಅಡುಗೆಮನೆ, ಆಟ, ಕಥೆ, ನೆರಳಾಟ ಮೂರನೆಯದು. ದೊಡ್ಡವರ ಹೊಣೆ ಮತ್ತು ಎಚ್ಚರಿಕೆ ನಾಲ್ಕನೆಯದು.

*

ಮೊದಲ ಭಾಗಕ್ಕೆ ಬರುತ್ತೇನೆ.

ಮಕ್ಕಳು ಕೈಯಿಂದ ಕಲಿಯುತ್ತಾರೆ ಎಂಬ ಅರಿವು ಲೋಕದ ಅನೇಕ ಕಡೆ ಬೇರೆ ಬೇರೆ ದಾರಿಯಿಂದ ಬಂದಿದೆ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಸಣ್ಣ ಮಕ್ಕಳ ಶಾಲೆ ತೆರೆದಾಗ ಅಲ್ಲಿ ಪುಸ್ತಕಗಳಿಗಿಂತ ಮೊದಲು ಮರದ ಗುಂಡು, ಚೌಕ, ಕಡ್ಡಿ, ಮಡಚುವ ಕಾಗದಗಳಿದ್ದವು. ಇಟಲಿಯ ಮರಿಯಾ ಮಾಂಟೆಸರಿ 1907ರಲ್ಲಿ ರೋಮಿನ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ಆರಂಭಿಸಿದರು. ಗುಂಡಿ ಹಾಕುವುದು, ನೀರು ಸುರಿಯುವುದು, ಗುಡಿಸುವುದು ಇವೆಲ್ಲ ಅಲ್ಲಿ ಪಾಠಗಳಾಗಿದ್ದವು. 1939ರಲ್ಲಿ ಅವರು ಭಾರತಕ್ಕೂ ಬಂದು, ಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದು, ನಮ್ಮ ಶಿಕ್ಷಕರಿಗೆ ತರಬೇತಿ ಕೊಟ್ಟರು. ಗುಜರಾತಿನ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದು, ಕಥೆ, ಹಾಡು, ಮಣ್ಣು, ಆಟಗಳನ್ನು ಕಲಿಕೆಯ ಒಳಗೆ ತಂದರು. 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬನ್ನೇ ಶಿಕ್ಷಣದ ನಡುವೆ ಇಡಬೇಕೆಂದು ವಾದಿಸಿದರು.

ಕನ್ನಡ ನಾಡಿನಲ್ಲೂ ಈ ಆಲೋಚನೆಗೆ ಹಿರಿಯ ಹೆಸರುಗಳಿವೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿ, ಮಕ್ಕಳಿಗೆ ಪಾಠದ ಜತೆಗೆ ಕುಣಿತ, ನಾಟಕ, ಚಿತ್ರಗಳ ಬಾಗಿಲು ತೆರೆದರು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅಂದಿನಿಂದ ಅಂಗನವಾಡಿ ನಮ್ಮ ಹಳ್ಳಿಯ ಮಕ್ಕಳ ಮೊದಲ ಶಾಲೆ. ಇಂದು ಇಲ್ಲಿ ಕುಳಿತಿರುವ ಕಾರ್ಯಕರ್ತೆಯರು ಆ ದೊಡ್ಡ ಪರಂಪರೆಗೆ ಸೇರಿದವರು.

ಕೈಕೆಲಸದಿಂದ ಮಗುವಿಗೆ ಏನು ಸಿಗುತ್ತದೆ? ಅಕ್ಷರ ಬರೆಯುವುದಕ್ಕೆ ಮೊದಲು ಬೆರಳಿಗೆ ಶಕ್ತಿ ಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಒಟ್ಟಿಗೆ ಹಿಡಿಯುವುದನ್ನು ಕಲಿತಿರಬೇಕು. ಆ ಹಿಡಿತ ಬಾರದ ಮಗುವಿಗೆ ಪೆನ್ಸಿಲ್ ಕೊಟ್ಟು ಸಾಲು ತುಂಬಿಸಿದರೆ ಕೈ ನೋಯುತ್ತದೆ, ಬರವಣಿಗೆಯ ಮೇಲೆಯೇ ಬೇಸರ ಹುಟ್ಟುತ್ತದೆ. ಮಣ್ಣು ನಾದುವುದು, ಕಡಲೆಕಾಯಿ ಬಿಡಿಸುವುದು, ಹೂ ಪೋಣಿಸುವುದು, ಚಿಟಿಕೆಯಲ್ಲಿ ರಂಗೋಲಿ ಬಿಡುವುದು ಇವೆಲ್ಲ ಆ ಹಿಡಿತವನ್ನು ನೋವಿಲ್ಲದೆ ಕಲಿಸುತ್ತವೆ.

ಕೈ ಕಲಿಯುವಾಗ ಬುದ್ಧಿಯೂ ಕಲಿಯುತ್ತದೆ. ಒಂದು ಅಂಗಳದಲ್ಲಿ ಕಂಡದ್ದನ್ನು ಹೇಳುತ್ತೇನೆ. ಮಕ್ಕಳ ಮುಂದೆ ಹದ ಮಾಡಿದ ಮಣ್ಣು ಇಟ್ಟಿದ್ದರು. ಉಳಿದವರು ಆನೆ, ಗಣಪ, ಬಸವ ಮಾಡುತ್ತಿದ್ದರೆ ನಾಲ್ಕು ವರ್ಷದ ಹುಡುಗನೊಬ್ಬ ಉಂಡೆ ಮಾತ್ರ ಕಟ್ಟುತ್ತಿದ್ದ. ಒಂದರ ಪಕ್ಕ ಒಂದು ಉಂಡೆ.

"ಏನೋ ಅದು, ಬರೀ ಉಂಡೆ ಮಾಡ್ತಾ ಕುಂತೀಯಾ?" ಎಂದು ಅವನ ಅಜ್ಜಿ ಕೇಳಿದರು.

"ಮುದ್ದೆ ಕಣಜ್ಜಿ" ಎಂದ.

ಆಮೇಲೆ ಎಲ್ಲವನ್ನೂ ಸಾಲಾಗಿ ಜೋಡಿಸಿದ. ದೊಡ್ಡದು ಅಪ್ಪನಿಗೆ, ಅದಕ್ಕಿಂತ ಸ್ವಲ್ಪ ಸಣ್ಣದು ಅವ್ವನಿಗೆ, ಆಮೇಲೆ ಅಜ್ಜಿಗೆ, ಅಕ್ಕನಿಗೆ, ಕೊನೆಯ ಪುಟ್ಟ ಉಂಡೆ ತನಗೆ. ಒಂದು ಉಂಡೆ ಹೆಚ್ಚಿಗೆ ಉಳಿಯಿತು. ಸ್ವಲ್ಪ ಹೊತ್ತು ಯೋಚಿಸಿ, ಅದನ್ನು ನಾಯಿಗೆ ಎಂದು ಪಕ್ಕಕ್ಕೆ ಇಟ್ಟ. ದೊಡ್ಡದರಿಂದ ಸಣ್ಣದಕ್ಕೆ ಜೋಡಿಸುವುದು, ಒಬ್ಬರಿಗೆ ಒಂದು ಎಂದು ಹಂಚುವುದು, ಉಳಿದದ್ದನ್ನು ಗುರುತಿಸುವುದು ಗಣಿತದ ಬುನಾದಿ. ಆ ಹುಡುಗ ಅಷ್ಟನ್ನೂ ಯಾರೂ ಹೇಳಿಕೊಡದೆ ಮಾಡಿ ಮುಗಿಸಿದ್ದ. ಆನೆ ಮಾಡು ಎಂದು ಅವನ ಮಣ್ಣನ್ನು ಯಾರಾದರೂ ಕಿತ್ತುಕೊಂಡಿದ್ದರೆ ಆ ಗಣಿತ ಅಲ್ಲೇ ನಿಲ್ಲುತ್ತಿತ್ತು.

*

ಇನ್ನು ಎರಡನೆಯ ಭಾಗ, ನಮ್ಮ ಸಾಮಗ್ರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಮನೆಗೆ ಹೋಗಿ ಮಾಡಿ ನೋಡಬೇಕಾದದ್ದು ಇದೇ.

ಮೊದಲು ತೆಂಗು. ಹೊಸದುರ್ಗ ಸೀಮೆಯಲ್ಲಿ ತೆಂಗಿನ ಗರಿಗೆ ಬರವಿಲ್ಲ. ತೀರಾ ಎಳೆಯದೂ ಅಲ್ಲದ, ಒಣಗಿಯೂ ಇರದ ಹಸಿರು ಗರಿ ಆರಿಸಿ, ನಡುವಿನ ಕಡ್ಡಿ ಸೀಳಿ ತೆಗೆದರೆ ಎರಡು ಪಟ್ಟಿ ಸಿಗುತ್ತವೆ. ಎರಡನ್ನೂ ಬೆರಳಗಲಕ್ಕೆ ಕತ್ತರಿಸಿ, ಅರ್ಧಕ್ಕೆ ಮಡಚಿ, ಒಂದರೊಳಗೊಂದು ಸಿಕ್ಕಿಸಿ ಬಿಗಿದಾಗ ನಡುವೆ ಚೌಕದ ಕಟ್ಟು ಕೂಡುತ್ತದೆ, ನಾಲ್ಕು ಕಡೆ ನಾಲ್ಕು ರೆಕ್ಕೆ ಚಾಚುತ್ತವೆ. ಕಟ್ಟಿನ ನಡುವೆ ತೂತು ಮಾಡಿ, ತೆಗೆದಿಟ್ಟ ಕಡ್ಡಿಯನ್ನೇ ಸಡಿಲವಾಗಿ ತೂರಿಸಿದರೆ ಗಿರಿಗಿಟ್ಲೆ ಸಿದ್ಧ. ಹಿಡಿದು ಓಡಿದರೆ ತಿರುಗುತ್ತದೆ.

ಈ ಒಂದು ಆಟಿಕೆಯಲ್ಲಿ ಮನೆಯ ಎಲ್ಲ ಮಕ್ಕಳಿಗೂ ಪಾಲಿದೆ. ಎಂಟು ವರ್ಷದವಳು ಕಟ್ಟು ಬಿಗಿಯುತ್ತಾಳೆ. ಐದು ವರ್ಷದವನು ಪಟ್ಟಿಗಳನ್ನು ಸರಿಯಾಗಿ ಅರ್ಧಕ್ಕೆ ಮಡಚಿ ಕೊಡುತ್ತಾನೆ. ಮೂರು ವರ್ಷದ ಮಗು ಹಿಡಿದು ಓಡುತ್ತದೆ, ಗಾಳಿ ಯಾವ ಕಡೆಯಿಂದ ಬಂದರೆ ತಿರುಗುತ್ತದೆ ಎಂಬುದನ್ನು ಕಂಡುಕೊಳ್ಳುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ನೋಡಿದ ಮಗುವಿಗೆ ಆ ದೊಡ್ಡ ರೆಕ್ಕೆಗಳಿಗೂ ತನ್ನ ಕೈಯ ಗರಿಗೂ ಇರುವ ಸಂಬಂಧವನ್ನು ಒಂದೇ ಮಾತಿನಲ್ಲಿ ತೋರಿಸಬಹುದು. ಗರಿಯನ್ನು ಸುರುಳಿ ಸುತ್ತುತ್ತಾ ಹೋದರೆ ಪೀಪಿ, ಹೆಣೆದರೆ ಹಾವು, ಚೆಂಡು, ಕೈಗಡಿಯಾರ, ಕನ್ನಡಕ. ಇವೆಲ್ಲ ಇಲ್ಲಿ ಕುಳಿತಿರುವ ಅಜ್ಜಂದಿರ ಬೆರಳಿಗೆ ಗೊತ್ತು. ಅಡಿಕೆ ತೋಟ ಇರುವವರ ಮನೆಯಲ್ಲಿ ಬಿದ್ದ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಬಂಡಿಗೆ ಯಾವ ತಯಾರಿಯೂ ಬೇಡ.

ಎರಡನೆಯ ಸಾಮಗ್ರಿ ಮಣ್ಣು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗೋಡು ಹೊಡೆದು ಹೊಲಕ್ಕೆ ಹಾಕುತ್ತಾರೆ. ಅದರಲ್ಲಿ ಒಂದು ಮಂಕರಿ ಮಕ್ಕಳಿಗೆ ಎತ್ತಿಡಿ. ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ಕಲ್ಲು, ಬೇರು, ಗಾಜಿನ ಚೂರು ತೆಗೆದು, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಗ್ಗೆ ನಾದಬೇಕು. ಹದ ತಿಳಿಯುವ ಉಪಾಯ ಸುಲಭ: ಮಣ್ಣನ್ನು ಬೆರಳು ದಪ್ಪದ ಬತ್ತಿಯಾಗಿ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರುಕು ಬಿಡದಿದ್ದರೆ ಹದ ಬಂದಿದೆ. ಬಿರುಕು ಬಿಟ್ಟರೆ ನೀರು ಸಾಲದು ಅಥವಾ ಮರಳು ಹೆಚ್ಚಿದೆ. ಮಾಡಿದ ಗೊಂಬೆಯನ್ನು ಬಿಸಿಲಿಗಿಡದೆ ನೆರಳಿನಲ್ಲಿ ಒಣಗಿಸಬೇಕು, ಇಲ್ಲವಾದರೆ ಹೊರಮೈ ಬೇಗ ಒಣಗಿ ಒಳಗಿನ ತೇವ ಉಳಿದು ಸೀಳುತ್ತದೆ. ಈ ಪರೀಕ್ಷೆಯನ್ನೂ ಮಗುವೇ ಮಾಡಲಿ. ಬಿರುಕು ಬಿಟ್ಟದ್ದು ಏಕೆ ಎಂದು ಕೇಳುವ ಮಗು ಕುಂಬಾರಿಕೆಯ ಮೊದಲ ಪಾಠವನ್ನು ಕಲಿತಂತೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಕಾರ ಹುಣ್ಣಿಮೆಯ ನಂತರ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಎತ್ತಿನ ಜತೆಗೆ ಗೋದಲಿಯನ್ನೂ ಮಾಡುತ್ತಾರೆ. ಮುಂಗಾರು ಬಿತ್ತನೆಯ ಹೊತ್ತಿಗೆ ಮಕ್ಕಳ ಕೈಗೆ ಮಣ್ಣು ಬರುವಂತೆ ನಮ್ಮ ಹಿರಿಯರು ಹಬ್ಬವನ್ನೇ ಕಟ್ಟಿಕೊಂಡಿದ್ದರು.

ಮೂರನೆಯದು ಜೋಳದ ದಂಟು. ಒಣಗಿದ ದಂಟಿನ ಸಿಪ್ಪೆ ಗಟ್ಟಿ, ಒಳಗಿನ ಬೆಂಡು ಮೆತ್ತಗೆ. ಸಿಪ್ಪೆಯ ಎಳೆಯನ್ನು ಬೆಂಡಿಗೆ ಚುಚ್ಚಿದರೆ ಅಂಟೂ ಬೇಡ, ಮೊಳೆಯೂ ಬೇಡ. ಎತ್ತಿನ ಗಾಡಿ, ಮಂಚ, ಏಣಿ, ಕನ್ನಡಕ ಏನು ಬೇಕಾದರೂ ಕಟ್ಟಬಹುದು. ಕಾನ್ಪುರದ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ, ಕಸದಿಂದ ರಸ ಎಂಬಂತೆ ಬಿಸಾಡುವ ವಸ್ತುಗಳಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ಕಲಿಸಿದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬ್ ಜೋಡಿಸಿ ತ್ರಿಕೋನ, ಚೌಕ, ಮನೆಗಳನ್ನು ಕಟ್ಟಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ದನಗಾಹಿ ಹುಡುಗರು ಹೊಲದ ಬದುವಿನಲ್ಲಿ ದಂಟಿನಿಂದ ಮಾಡುತ್ತಿದ್ದದ್ದೂ ಅದೇ ಬಗೆಯ ಕೆಲಸ. ಒಂದು ಎಚ್ಚರಿಕೆ: ದಂಟಿನ ಸಿಪ್ಪೆ ಬೆರಳು ಕೊಯ್ಯುತ್ತದೆ. ಸೀಳುವುದು ದೊಡ್ಡವರ ಕೆಲಸ, ಜೋಡಿಸುವುದು ಮಕ್ಕಳದು.

ನಾಲ್ಕನೆಯದು ಬಣ್ಣ. ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಹಾಳೆಗೆ ಬಳಿದು ಒಣಗಿಸಿ. ಸೋಪಿನ ನೀರು ಅಥವಾ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಹತ್ತಿ ಸುತ್ತಿದ ಕಡ್ಡಿ ಅದ್ದಿ ಅದರ ಮೇಲೆ ಎಳೆದರೆ ಕೆಂಪು ಗೆರೆ ಮೂಡುತ್ತದೆ. ಅದೇ ಗೆರೆಯ ಮೇಲೆ ನಿಂಬೆರಸ ಸವರಿದರೆ ಮತ್ತೆ ಹಳದಿ. ಆರತಿಯ ಓಕುಳಿಗೆ ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡುವುದು ಇದೇ ಗುಣದಿಂದ. ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಮಕ್ಕಳ ಕೈಗೆ ಸೋಪಿನ ನೀರೇ ಸಾಕು. ದಾಸವಾಳದ ಎಸಳನ್ನು ಹಾಳೆಗೆ ಉಜ್ಜಿ, ಒಂದು ಕಡೆ ನಿಂಬೆರಸ, ಇನ್ನೊಂದು ಕಡೆ ಸೋಡಾ ನೀರು ಹಾಕಿದರೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಛಾಯೆ. ಶಂಖಪುಷ್ಪದ ನೀಲಿಯೂ ನಿಂಬೆರಸಕ್ಕೆ ನೇರಳೆಯಾಗುತ್ತದೆ. ಬೆಂಡೆಕಾಯಿಯ ತೊಟ್ಟಿನ ಕಡೆ ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದರೆ ಐದು ಮೂಲೆಯ ಹೂವು. ಜಾಜು, ಕೆಮ್ಮಣ್ಣು, ಇದ್ದಲು ಇವುಗಳಿಂದ ಗೋಡೆಯ ಒಂದು ಮೂಲೆಯನ್ನು ಮಕ್ಕಳಿಗೇ ಬಿಟ್ಟುಕೊಟ್ಟರೆ ರಜೆಯೆಲ್ಲ ಅವರಿಗೆ ಅಲ್ಲಿ ಕೆಲಸವಿರುತ್ತದೆ.

ಬಣ್ಣದ ಮಾತು ಬಂದಾಗ ನಮ್ಮದೇ ತಾಲ್ಲೂಕಿನ ಮತ್ತೋಡನ್ನು ನೆನೆಯಬೇಕು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿಯ ಗಾಜಿನ ಬಳೆ ತಯಾರಿಕೆಯನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಒಂದು ಕಾಲಕ್ಕೆ ಈ ನೆಲದ ಮಣ್ಣು ಮತ್ತು ಬೆಂಕಿಯಿಂದಲೇ ಬಣ್ಣದ ಗಾಜು ಹುಟ್ಟುತ್ತಿತ್ತು ಎಂಬುದನ್ನು ಇಲ್ಲಿಯ ಮಕ್ಕಳು ತಿಳಿದಿರಬೇಕು. ದೊಡ್ಡವರು ಮೂರು ಕನ್ನಡಿ ಪಟ್ಟಿಗಳನ್ನು ತ್ರಿಕೋನವಾಗಿ ಕಟ್ಟಿ, ಅಂಚುಗಳಿಗೆಲ್ಲ ಟೇಪು ಸುತ್ತಿ, ತುದಿಯಲ್ಲಿ ಬಳೆಚೂರುಗಳನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಮುಚ್ಚಿ ಕೊಟ್ಟರೆ ಬಣ್ಣದ ಚಿತ್ತಾರ ಕಾಣುವ ಕೊಳವೆ ಆಗುತ್ತದೆ. ತಿರುಗಿಸಿದಷ್ಟೂ ಹೊಸ ಹೂವು. ಚೂರುಗಳನ್ನು ಮಾತ್ರ ಸಣ್ಣ ಮಕ್ಕಳ ಕೈಗೆ ಬಿಡಬಾರದು.

ಕೊನೆಯದು ಗಾಳಿಪಟ. ರಜೆ ಮುಗಿದ ಮೇಲೆ ಬರುವ ಆಷಾಢದ ಗಾಳಿಗೆ ಈ ಬಯಲುಸೀಮೆಯಲ್ಲಿ ಗಾಳಿಪಟ ಏರುತ್ತದೆ. ದಿನಪತ್ರಿಕೆಯ ಹಾಳೆ, ತೆಂಗಿನ ಕಡ್ಡಿ, ಅನ್ನದ ಅಂಟು, ಹತ್ತಿಯ ದಾರ ಇಷ್ಟೇ ಸಾಕು. ಬಾಲಂಗೋಚಿ ಗಿಡ್ಡವಾದರೆ ಪಟ ಗಿರಕಿ ಹೊಡೆಯುತ್ತದೆ, ಉದ್ದವಾದರೆ ಭಾರಕ್ಕೆ ಏರುವುದಿಲ್ಲ. ಸೂತ್ರ ಕಟ್ಟುವುದನ್ನು ದೊಡ್ಡವರು ಕಲಿಸಲಿ, ಬಾಲ ಎಷ್ಟುದ್ದ ಇರಬೇಕೆಂಬುದನ್ನು ಮಕ್ಕಳು ಹಾರಿಸಿ ಹಾರಿಸಿ ಕಂಡುಕೊಳ್ಳಲಿ. ಗಾಜು ಬಳಿದ ಮಾಂಜಾ ದಾರ ಮತ್ತು ನೈಲಾನ್ ದಾರ ಬೇಡವೇ ಬೇಡ. ಅವು ಹಕ್ಕಿಗಳನ್ನೂ ಬೈಕಿನಲ್ಲಿ ಹೋಗುವವರ ಕುತ್ತಿಗೆಯನ್ನೂ ಕೊಯ್ದಿವೆ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅವನ್ನು ದೇಶಾದ್ಯಂತ ನಿಷೇಧಿಸಿತು. ವಿದ್ಯುತ್ ತಂತಿಯಿಂದ ದೂರದ ಬಯಲನ್ನೇ ಆರಿಸಿ.

*

ಈಗ ಮೂರನೆಯ ಭಾಗ. ಕೈಯಲ್ಲಿ ಒಂದು ವಸ್ತು ಉಳಿಯಲೇಬೇಕೆಂದಿಲ್ಲ. ಮಾಡಿ ಮುಗಿಸಿ ಮರೆತುಬಿಡುವ ಚಟುವಟಿಕೆಗಳಿಗೂ ಅಷ್ಟೇ ಬೆಲೆಯಿದೆ.

ಅಡುಗೆಮನೆಯಿಂದ ಆರಂಭಿಸೋಣ. ಬೇಸಿಗೆ ಎಂದರೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಹುಣಸೆಹಣ್ಣಿನ ಕಾಲ. ಸಂಡಿಗೆ ಹಿಟ್ಟನ್ನು ಚಮಚದಲ್ಲಿ ಎತ್ತಿ ಬಟ್ಟೆಯ ಮೇಲೆ ಸಾಲಾಗಿ ಬಿಡುವುದು ಐದು ವರ್ಷದ ಮಗುವಿಗೆ ಬರುವ ಕೆಲಸ. ಸಾಲು ಸೊಟ್ಟಗಾದರೂ ಸಂಡಿಗೆ ಅರಳುತ್ತದೆ. ಹುಣಸೆಹಣ್ಣು ಬಿಡಿಸುವಾಗ ಸಿಪ್ಪೆ ಒಂದು ಕಡೆ, ನಾರು ಒಂದು ಕಡೆ, ಬೀಜ ಒಂದು ಕಡೆ ಹಾಕುವುದು ವಿಂಗಡಣೆಯ ಪಾಠ. ಆ ಬೀಜವನ್ನು ಬಿಸಾಡಬೇಡಿ. ಒಂದು ಮಗ್ಗುಲನ್ನು ಕಲ್ಲಿನ ಮೇಲೆ ತೇಯ್ದರೆ ಒಳಗಿನ ಬಿಳುಪು ಕಾಣುತ್ತದೆ. ಅಂಥ ನಾಲ್ಕು ಬೀಜ ಸೇರಿದರೆ ಚೌಕಾಬಾರಕ್ಕೆ ದಾಳ ಸಿದ್ಧ.

ಚೌಕಾಬಾರದ ಮನೆ ಐದು ಅಡ್ಡ, ಐದು ಉದ್ದ, ಒಟ್ಟು 25. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರಾಯಿತು. ಎಷ್ಟು ಬೀಜ ಬಿಳಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಎಂಟು. ಆರು ವರ್ಷದ ಮಗು ಇದನ್ನು ಒಂದೇ ಮಧ್ಯಾಹ್ನದಲ್ಲಿ ಹಿಡಿಯುತ್ತದೆ. ಎಣಿಕೆಯ ಜತೆಗೆ ಸರದಿ ಕಾಯುವುದು, ಸೋತಾಗ ಅಳದೆ ಮತ್ತೆ ಕಾಯಿ ಇಡುವುದು ಎರಡನ್ನೂ ಕಲಿಯುತ್ತದೆ. ಹದಿನಾಲ್ಕು ಗುಳಿಗಳ ಅಳಗುಳಿಮಣೆ, ಅಣ್ಣೆಕಲ್ಲು, ಕುಂಟೆಬಿಲ್ಲೆ, ಬುಗುರಿ ಇವುಗಳನ್ನೂ ಬೇಸಿಗೆಯಲ್ಲಿ ಅಟ್ಟದಿಂದ, ನೆನಪಿನಿಂದ ಕೆಳಗಿಳಿಸಬೇಕು.

ಕಥೆ ಮತ್ತು ನೆರಳಾಟಕ್ಕೆ ಸಂಜೆಯ ಹೊತ್ತು ಹೇಳಿ ಮಾಡಿಸಿದ್ದು. ಕರ್ನಾಟಕದ ತೊಗಲುಗೊಂಬೆಯಾಟ ಇಡೀ ರಾತ್ರಿ ರಾಮಾಯಣ, ಮಹಾಭಾರತಗಳನ್ನು ಪರದೆಯ ಮೇಲೆ ತಂದ ಕಲೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಆ ಕಲೆ ಮತ್ತೆ ಎಲ್ಲರ ಕಣ್ಣಿಗೆ ಬಿತ್ತು. ಮನೆಯಲ್ಲಿ ನಮಗೆ ಬೇಕಾದದ್ದು ಒಂದು ಬಿಳಿ ಪಂಚೆ, ಒಂದು ಟಾರ್ಚು. ಮದುವೆಯ ಕಾಲ ಆದ್ದರಿಂದ ಪ್ರತಿ ಮನೆಯಲ್ಲೂ ಹಳೆಯ ಲಗ್ನಪತ್ರಿಕೆಗಳ ರಾಶಿ ಇರುತ್ತದೆ. ಆ ದಪ್ಪ ಹಾಳೆಯಿಂದ ಕೋಳಿ, ಕುರಿ, ಮರ, ಬಸ್ಸು ಕತ್ತರಿಸಿ ಕಡ್ಡಿ ಅಂಟಿಸಿದರೆ ಗೊಂಬೆಗಳಾದವು. ಗೊಂಬೆ ಬೆಳಕಿನ ಹತ್ತಿರ ಹೋದರೆ ನೆರಳು ದೊಡ್ಡದಾಗುತ್ತದೆ, ಪರದೆಯ ಹತ್ತಿರ ಬಂದರೆ ಸಣ್ಣದಾಗುತ್ತದೆ. ಇದನ್ನು ಕಂಡುಹಿಡಿದ ಮಗು ಇಲಿಯನ್ನು ಆನೆಯಷ್ಟು ದೊಡ್ಡದು ಮಾಡಿ ಹೊಸ ಕಥೆ ಕಟ್ಟುತ್ತದೆ. ದಿನವೂ ಅದೇ ಕಥೆ ಬೇಕೆಂದರೆ ಅದನ್ನೇ ಆಡಿಸಿ. ಸಣ್ಣ ಮಕ್ಕಳಿಗೆ ಗೊತ್ತಿರುವುದು ಮತ್ತೆ ಬರುವುದರಲ್ಲಿ ದೊಡ್ಡ ಸುಖವಿದೆ.

ನಾಟಕದ ವಿಷಯದಲ್ಲಂತೂ ಹೊಸದುರ್ಗ ತಾಲ್ಲೂಕು ನಾಡಿಗೇ ಮಾದರಿ. ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ 1997ರಲ್ಲಿ ಶಿವಸಂಚಾರ ತಿರುಗಾಟವನ್ನೂ ಆರಂಭಿಸಿದರು. ಒಂದು ಹಳ್ಳಿಯಿಂದ ಹೊರಟ ರಂಗತಂಡ ನಾಡಿನುದ್ದಕ್ಕೂ ನಾಟಕ ಒಯ್ದಿತು. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತದೆ. ಬೆಂಗಳೂರಿನಲ್ಲಿ ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿ ಮಕ್ಕಳ ರಂಗಭೂಮಿಗೆ ದಾರಿ ಮಾಡಿದರು. ಅಂಥ ಮೇಳಗಳಿಗೆ ಹೋಗಲಾಗದ ಮಕ್ಕಳಿಗೆ ನಮ್ಮ ಜಗುಲಿಯೇ ರಂಗಮಂಚ. ಅವ್ವನ ಹಳೆ ಸೀರೆ ಪರದೆ, ಕಂಬಳಿ ರಾಜನ ನಿಲುವಂಗಿ. ಮಾತು ಬರೆದುಕೊಟ್ಟು ಉರು ಹೊಡೆಸಬೇಡಿ. ಸಂತೆ, ಬಸ್ ನಿಲ್ದಾಣ, ಡಾಕ್ಟರ ಮನೆ ಇಂಥ ಸನ್ನಿವೇಶ ಕೊಟ್ಟರೆ ಮಾತು ಅವರೇ ಹುಟ್ಟಿಸಿಕೊಳ್ಳುತ್ತಾರೆ.

*

ಕೊನೆಯ ಭಾಗಕ್ಕೆ ಬಂದಿದ್ದೇನೆ, ದೊಡ್ಡವರ ಹೊಣೆ. ಇಲ್ಲಿ ಎಚ್ಚರಿಕೆಯ ಮಾತುಗಳನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಬೇಲಿಯ ಗಿಡಗಳೆಲ್ಲ ಮಕ್ಕಳ ಆಟಕ್ಕೆ ಆಗುವುದಿಲ್ಲ. ಕೆಂಪು ಕಪ್ಪು ಗುಲಗಂಜಿ ನೋಡಲು ಚೆಂದ, ಆದರೆ ಅಗಿದು ನುಂಗಿದರೆ ಜೀವಕ್ಕೆ ಅಪಾಯ. ಹರಳು ಬೀಜ, ಕಾಡುಹರಳು, ಕಣಗಿಲೆ, ಉಮ್ಮತ್ತಿ ಇವೂ ವಿಷ. ಕಾಡುಹರಳಿನ ಹಾಲಿನಿಂದ ಗುಳ್ಳೆ ಊದುವ ಆಟ ನಮ್ಮಲ್ಲಿ ಹಲವರು ಆಡಿದ್ದೇವೆ, ಅದನ್ನು ಮಕ್ಕಳಿಗೆ ಕಲಿಸಬಾರದು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕೇಡು. ಮೂರು ವರ್ಷದೊಳಗಿನ ಮಕ್ಕಳಿರುವ ಕಡೆ ಹುಣಸೆಬೀಜ, ಗೋಲಿ, ಮಣಿ, ಕಡಲೆಕಾಳು ಯಾವುದನ್ನೂ ನೆಲದ ಮೇಲೆ ಬಿಡಬಾರದು. ಗಂಟಲಿಗೆ ಸಿಕ್ಕರೆ ಕೆಲವೇ ನಿಮಿಷಗಳಲ್ಲಿ ಅನಾಹುತ.

ಇದಕ್ಕಿಂತ ದೊಡ್ಡ ಅಪಾಯ ನೀರಿನದು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಮಳೆಯಾಶ್ರಿತ ಸೀಮೆಗಳಲ್ಲಿ ಕೃಷಿ ಹೊಂಡಗಳು ಬಂದವು. ಬರಡು ಹೊಲಕ್ಕೆ ಅವು ದೊಡ್ಡ ಆಸರೆ. ಆದರೆ ಹೊಂಡದ ಒಳಮೈಗೆ ಹಾಸಿದ ಪ್ಲಾಸ್ಟಿಕ್ ಹೊದಿಕೆ ಜಾರುತ್ತದೆ. ಒಳಗೆ ಬಿದ್ದ ಮಗುವಿಗೆ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ಕೆರೆಯಲ್ಲಿ ಗೋಡು ತೆಗೆದ ಗುಂಡಿಗಳಲ್ಲೂ ಮೊದಲ ಮಳೆಗೆ ನೀರು ನಿಂತು ಆಳ ತಿಳಿಯದಂತಾಗುತ್ತದೆ. ಹೊಂಡದ ಸುತ್ತ ಬೇಲಿ ಹಾಕಿ, ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಮಣ್ಣು ತರಲು ಮಕ್ಕಳನ್ನು ಒಂಟಿಯಾಗಿ ಕೆರೆಗೆ ಕಳಿಸಬೇಡಿ. ರಜೆಯ ಸಂತೋಷಕ್ಕೆ ಇದು ಮೊದಲ ಷರತ್ತು ಎಂದು ಕೈಮುಗಿದು ಹೇಳುತ್ತೇನೆ.

ಹೊತ್ತಿನ ಮಾತು. ಏಪ್ರಿಲ್, ಮೇ ಬಿಸಿಲಿನಲ್ಲಿ ಹೊರಗಿನ ಆಟ ಬೆಳಗ್ಗೆ ಹತ್ತರೊಳಗೆ, ಮತ್ತೆ ಸಂಜೆ ನಾಲ್ಕೂವರೆಯ ಮೇಲೆ ಆಗಲಿ. ನಡುಹಗಲು ನೆರಳಿನ ಕೆಲಸ, ಕುಡಿಯಲು ನೀರು, ಮಜ್ಜಿಗೆ. ಸಣ್ಣ ಮಗುವಿನ ಗಮನ ಒಂದು ಕೆಲಸದ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ಅರ್ಧಕ್ಕೆ ಎದ್ದು ಹೋದರೆ ಬೈಯಬೇಡಿ, ಕೆಲಸವನ್ನು ಹಾಗೆಯೇ ಎತ್ತಿಡಿ, ಮತ್ತೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು. ನಾನು ಇಲ್ಲಿಯವರೆಗೆ ಹೇಳಿದವುಗಳಲ್ಲಿ ಓಡಾಟದ ಆಟಗಳು ಎರಡು ಮೂರು ಸೇರಿದರೆ ಆ 180 ನಿಮಿಷಕ್ಕೆ ದೊಡ್ಡ ಪಾಲು ಸಿಗುತ್ತದೆ.

ಇನ್ನು ಎಲ್ಲಕ್ಕಿಂತ ಕಷ್ಟದ ಹೊಣೆ, ಸುಮ್ಮನಿರುವುದು. ಮಗು ಎತ್ತಿಗೆ ಐದು ಕಾಲು ಇಟ್ಟಾಗ ತಿದ್ದಲು ನಮ್ಮ ಕೈ ಮುಂದೆ ಹೋಗುತ್ತದೆ. ಆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. "ಹಿಂಗಲ್ಲ, ಕೊಡಿಲ್ಲಿ" ಎಂಬ ಎರಡು ಮಾತು ಸಾಕು, ಮಗು ಆ ಕೆಲಸದಿಂದ ದೂರ ಸರಿಯಲು. ಅದರ ಬದಲು "ಈ ಕಾಲು ಯಾಕೆ ಇಟ್ಟೆ?" ಎಂದು ಕೇಳಿ. ಉತ್ತರ ಇದ್ದೇ ಇರುತ್ತದೆ. ನಮ್ಮ ಶಿಬಿರಗಳ ಕೊನೆಯ ದಿನದ ಪ್ರದರ್ಶನದಲ್ಲಿ ಬಹುಪಾಲು ದೊಡ್ಡವರೇ ಮಾಡಿದ ಅಂದದ ವಸ್ತುಗಳಿರುತ್ತವೆ, ಕೆಳಗೆ ಮಗುವಿನ ಹೆಸರಿರುತ್ತದೆ. ಅದು ತನ್ನದಲ್ಲವೆಂದು ಆ ಮಗುವಿಗೆ ಗೊತ್ತು. ಬಹುಮಾನ, ಮೊದಲನೆಯ ಸ್ಥಾನ, ಎರಡನೆಯ ಸ್ಥಾನ ಇವನ್ನೂ ಈ ವಯಸ್ಸಿನಿಂದ ದೂರ ಇಡೋಣ. ಸೊಟ್ಟ ಎತ್ತನ್ನು ಮನೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರೆ ಅದಕ್ಕಿಂತ ದೊಡ್ಡ ಮನ್ನಣೆ ಮಗುವಿಗೆ ಬೇಕಿಲ್ಲ.

ಈ ಕೆಲಸಗಳನ್ನು ಹೆಣ್ಣುಮಕ್ಕಳಿಗೆ ಬೇರೆ, ಗಂಡುಮಕ್ಕಳಿಗೆ ಬೇರೆ ಎಂದು ಹಂಚಬಾರದು. ಹುಡುಗನೂ ರಂಗೋಲಿ ಬಿಡಲಿ, ಹುಡುಗಿಯೂ ಬುಗುರಿ ಆಡಿಸಲಿ. ತಂದೆಯರಲ್ಲಿ ವಿಶೇಷ ವಿನಂತಿ: ದಿನಕ್ಕೆ ಅರ್ಧ ಗಂಟೆ ಮೊಬೈಲ್ ಪಕ್ಕಕ್ಕಿಟ್ಟು ಮಗುವಿನ ಜತೆ ನೆಲದ ಮೇಲೆ ಕೂರಿ. ಅಂಗವೈಕಲ್ಯವಿರುವ ಮಕ್ಕಳನ್ನು ಈ ಕೆಲಸಗಳಿಗೆ ಮೊದಲು ಕರೆಯಿರಿ. ಕಣ್ಣು ಕಾಣದ ಮಗುವಿಗೆ ಮಣ್ಣು, ಕಿವಿ ಕೇಳದ ಮಗುವಿಗೆ ಬಣ್ಣ ಮತ್ತು ನೆರಳು ತಕ್ಷಣ ಒಲಿಯುತ್ತವೆ.

*

ಉಪನ್ಯಾಸ ಮುಗಿಸುವ ಮುನ್ನ ಈ ಹೋಬಳಿಯ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ.

ಒಂದು, ಪ್ರತಿ ಅಂಗನವಾಡಿಯಲ್ಲೂ ಒಂದು ಸಾಮಗ್ರಿ ಬುಟ್ಟಿ ಇರಲಿ. ಗರಿ, ಜರಡಿ ಹಿಡಿದ ಮಣ್ಣು, ಲಗ್ನಪತ್ರಿಕೆ, ಬಟ್ಟೆ ಚೂರು, ದಾರ, ಕರಟ, ಅರಿಶಿನ. ಪ್ರತಿ ಮನೆಯೂ ತಿಂಗಳಿಗೊಮ್ಮೆ ಒಂದೊಂದು ವಸ್ತು ತಂದು ಹಾಕಿದರೆ ಕಾರ್ಯಕರ್ತೆಯರ ಮೇಲೆ ಹೊರೆ ಬೀಳುವುದಿಲ್ಲ. ಅವರಿಗೆ ಈಗಾಗಲೇ ಇರುವ ಕೆಲಸವೇ ಸಾಕಷ್ಟಿದೆ.

ಎರಡು, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ರಜೆಯ ಪ್ರತಿ ವಾರ ಒಂದು ಸಂಜೆಯನ್ನು ಊರಿನ ಕುಶಲಿಗಳಿಗೆ ಮೀಸಲಿಡಿ. ಕುಂಬಾರರು, ಬುಟ್ಟಿ ಹೆಣೆಯುವವರು, ಕಂಬಳಿ ನೇಯುವವರು, ಬಡಗಿಗಳು, ಸೋಬಾನೆ ಹಾಡುವ ಅಜ್ಜಿಯರು ಬಂದು ಮಕ್ಕಳ ಜತೆ ಕೂರಲಿ. ಅವರಿಗೆ ಪಂಚಾಯಿತಿ ಗೌರವಧನ ಕೊಡಲಿ. ಕೈಕಸುಬಿಗೆ ಬೆಲೆಯಿದೆ ಎಂಬುದನ್ನು ಮಕ್ಕಳು ಆಗ ಕಣ್ಣಾರೆ ನೋಡುತ್ತಾರೆ.

ಮೂರು, ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಮರೆಯಬಾರದು. ಅಂಗಳದಲ್ಲಿ ಅಜ್ಜಿ ಇಲ್ಲದ, ಮನೆಗೆ ಬೀಗ ಬಿದ್ದಿರುವ ಮಕ್ಕಳಿಗೇ ರಜೆ ಹೆಚ್ಚು ಉದ್ದ, ಹೆಚ್ಚು ಅಪಾಯ. ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆ ಇರುವ ಕಡೆ ಅದನ್ನು ಗಟ್ಟಿ ಮಾಡೋಣ. ಇಲ್ಲದ ಕಡೆ ಓಣಿಯ ನಾಲ್ಕು ಮನೆಯವರು ಸರದಿಯಲ್ಲಿ ಒಬ್ಬೊಬ್ಬರು ಒಂದೊಂದು ದಿನ ಎಲ್ಲ ಮಕ್ಕಳನ್ನೂ ನೋಡಿಕೊಳ್ಳುವ ಏರ್ಪಾಡು ಮಾಡಿಕೊಳ್ಳಿ. ಆ ದಿನ ಅವರ ಜಗುಲಿಯೇ ಶಿಬಿರ.

ಇದಕ್ಕೆಲ್ಲ ಸರ್ಕಾರದ ಆದೇಶ ಕಾಯಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಬೇಕಾದದ್ದು ದೊಡ್ಡವರ ಸಮಯ, ತಾಳ್ಮೆ, ಮತ್ತು ಮಗುವಿನ ಕೈಯ ಮೇಲೆ ನಂಬಿಕೆ. ದತ್ತಿ ಕುಟುಂಬದವರು ಒಪ್ಪುವುದಾದರೆ, ಮುಂದಿನ ಬೇಸಿಗೆಯಲ್ಲಿ ಇದೇ ದತ್ತಿಯ ಹೆಸರಿನಲ್ಲಿ ಇಲ್ಲಿ ಮಕ್ಕಳ ಕೈಕೆಲಸದ ಒಂದು ವಾರ ನಡೆಯಲಿ, ಮೊದಲ ದಿನ ಮಣ್ಣು ನಾದಲು ನಾನೂ ಬರುತ್ತೇನೆ.